ಮಗ್ಗದ ಕುಣಿಯ ಎರಡು ಬೆಕ್ಕು

ಒಬ್ಬ ಹೆಣ್ಣುಮಗಳು ಮಗ್ಗದ ಮುಂದೆ ಕೂತಿದ್ದಾಳೆ. ಬೆಳಗಿನ ಹೊತ್ತು, ನೇಕಾರರು ಇನ್ನೂ ಬಂದಿಲ್ಲ. ಇಲಿ ಕಡಿದ ಎಳೆಯ ಒಂದು ತುದಿ ಹುಡುಕುತ್ತಾಳೆ, ಇನ್ನೊಂದು ತುದಿ ಹುಡುಕುತ್ತಾಳೆ, ಬೆರಳಿಗೆ ಒಂದಿಷ್ಟು ಬೂದಿ ಹಚ್ಚಿಕೊಂಡು ಎರಡನ್ನೂ ಸೇರಿಸಿ ಹುರಿಯುತ್ತಾಳೆ, ಬಿಡುತ್ತಾಳೆ. ಮತ್ತೊಂದು ಎಳೆ. ಮತ್ತೊಂದು. ಬಾಯಲ್ಲಿ ಮಾತಿಲ್ಲ. ಹಾಡೂ ಇಲ್ಲ.

ನೋಡಿ, ಪ್ರವಚನದ ಕಥೆ ಅಂದರೆ ಮೊದಲು ಸಾಹುಕಾರ ಬರಬೇಕು ಅಂತ ನಿಮಗೆಲ್ಲ ರೂಢಿ. ಇವತ್ತಿನ ಕಥೆಯಲ್ಲೂ ಒಂದು ಊರಿದೆ, ಆ ಊರಲ್ಲಿ ಒಬ್ಬ ಸಾಹುಕಾರ ಇದ್ದಾನೆ, ಅವನ ಹದಿನೆಂಟು ಕೈಮಗ್ಗಗಳೂ ಇವೆ. ಬರುತ್ತಾನೆ, ಸ್ವಲ್ಪ ಕಾಯಿರಿ. ಅವನಿಗಿಂತ ಮೊದಲು ಎದ್ದು ಬಂದವಳು ಇವಳು. ಮೊದಲು ಬಂದವಳನ್ನು ಮೊದಲು ನೋಡೋಣ.

ಸಾಹುಕಾರನ ಮಗ್ಗದ ಮನೆಯಲ್ಲಿ ಇವಳ ಕೆಲಸ ಇಷ್ಟೇ, ಕಡಿದ ಎಳೆ ಕೂಡಿಸುವುದು. ನೇಕಾರರ ಮನೆಯವರಿಗೆ ಇದು ಗೊತ್ತು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೀರೆಯ ಉದ್ದಕ್ಕೂ ಹೋಗುವ ನೂಲಿಗೆ ಹಾಸು ಅನ್ನುತ್ತಾರೆ. ಆ ಹಾಸಿಗೆ ಗಂಜಿ ಕುಡಿಸಬೇಕು. ಗಂಜಿ ಇಲ್ಲದ ಎಳೆ ಮಗ್ಗದ ಹೊಡೆತ ತಾಳುವುದಿಲ್ಲ. ಆದರೆ ಗಂಜಿ ಅಂದಮೇಲೆ ಅದು ಅನ್ನವೇ ಅಲ್ಲವೇ? ನಮಗೆ ಅದು ನೂಲು, ಇಲಿಗೆ ಅದು ಊಟ. ಹದಿನೆಂಟು ಮಗ್ಗಗಳ ಮೇಲೆ ಹದಿನೆಂಟು ಎಲೆ ಹಾಸಿ ಬಡಿಸಿದ ಹಾಗೆ! ಅವು ಉಂಡು ಹೋಗುತ್ತಿದ್ದವು. ಬೆಳಿಗ್ಗೆ ಇವಳು ಬಂದು ಕೂಡುತ್ತಿದ್ದಳು. ಏಳು ವರ್ಷ. ಅದೇ ಹಿಂದಿನ ಮೂಲೆ, ಅದೇ ಕೆಲಸ, ಏಳು ವರ್ಷ.

ಊರವರು ಅವಳನ್ನು ಮೂಕಿ ಅನ್ನುತ್ತಿದ್ದರು. ಮೂಕಿಯೇನೂ ಅಲ್ಲ. ಮಾತಾಡಿದರೆ ಯಾರಾದರೂ ನಕ್ಕಾರು ಎಂಬ ಅಂಜಿಕೆ, ಅಷ್ಟೇ. ಅಂಥವರು ಇಲ್ಲೂ ಇದ್ದೀರಿ. ದಿನಾ ಅದೇ ಕಂಬದ ಹಿಂದೆ ಕೂರುತ್ತೀರಿ. ನನಗೆ ಕಾಣುತ್ತದೆ.

ಈಗ ಅವಳ ಒಳಗಿನ ಸಂಕಟ ಕೇಳಿ. ಅವಳ ಕಣ್ಣು ಮಂಜಾಗುತ್ತಿತ್ತು. ಮೊದಲು ಮೊಳ ದೂರದಿಂದ ಕಾಣುತ್ತಿದ್ದ ಎಳೆ ಆಮೇಲೆ ಗೇಣು ದೂರಕ್ಕೆ ಬಂತು, ಆಮೇಲೆ ಮೂಗಿನ ತುದಿಗೆ ಬಂತು. ನೂರು ಎಳೆ ಕೂಡಿಸುವಷ್ಟರಲ್ಲಿ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳಿಗೆ ಗೊತ್ತಿದ್ದದ್ದು ಇದೊಂದೇ ಕೆಲಸ. ಕಣ್ಣು ಹೋಗುತ್ತಿದೆ ಅಂತ ಬಾಯಿ ಬಿಟ್ಟರೆ ನಾಳೆ ಆ ಮೂಲೆಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಅದಕ್ಕೇ ಯಾರಿಗೂ ಹೇಳಲಿಲ್ಲ. ದೇವರ ಮುಂದೆ ನಿಂತಾಗಲೂ ಕಣ್ಣು ಕೊಡು ಅಂತ ಕೇಳಲಿಲ್ಲ ಅವಳು. "ಇಲಿ ಒಂದಿಷ್ಟು ಕಮ್ಮಿ ಮಾಡಪ್ಪ" ಅಂತ ಕೇಳುತ್ತಿದ್ದಳು. ಹೊಸ ಹಾಸು ಏರಿಸುವಾಗ ಅದರ ಎಳೆಗಳನ್ನು ಹಳೆಯ ಹಾಸಿನ ತುದಿಗೆ ಒಮ್ಮೆ ಕೂಡಿಸುವ ಕೆಲಸ ಕಣ್ಣು ಮುಚ್ಚಿಯೂ ಮಾಡಬಲ್ಲಳು, ಅದು ಬೆರಳಿನ ಕೆಲಸ. ದಿನದಿನದ ಇಲಿಯ ಕಡಿತವೇ ಅವಳ ಕಣ್ಣು ತಿನ್ನುತ್ತಿದ್ದದ್ದು.

ಅವಳು ಬರುವ ದಾರಿಯಲ್ಲಿ ದನದ ದವಾಖಾನೆ ಇತ್ತು. ಅದರ ಹಿಂದೆ ಡಾಕ್ಟರಮ್ಮ ಒಂದು ಜಾಲರಿ ಮನೆ ಮಾಡಿಸಿದ್ದಳು. ಬಾವಿಗೆ ಬಿದ್ದ ಬೆಕ್ಕು, ಸೈಕಲ್ಲಿಗೆ ಸಿಕ್ಕ ಬೆಕ್ಕು, ಯಾರೋ ಚೀಲದಲ್ಲಿ ಕಟ್ಟಿ ಎಸೆದ ಬೆಕ್ಕು, ಎಲ್ಲ ಅಲ್ಲಿಗೆ ಬರುತ್ತಿದ್ದವು. ಜನ ಬಂದು ಮರಿ ಒಯ್ಯುತ್ತಿದ್ದರು, ಮಡಿಲಿಗೆ ಬರುವ ಬೆಕ್ಕು ಒಯ್ಯುತ್ತಿದ್ದರು. ಎರಡು ಬೆಕ್ಕು ಮಾತ್ರ ತಿಂಗಳುಗಟ್ಟಲೆ ಅಲ್ಲೇ. ಒಂದು ಬೂದಿ ಬಣ್ಣದ್ದು, ಒಂದು ಕಪ್ಪು ಬಿಳಿ ಮಚ್ಚೆಯದು. ಯಾರಾದರೂ ಕೈ ಚಾಚಿದರೆ ಬುಸ್ ಅನ್ನುತ್ತಿದ್ದವು. ಯಾರಿಗೆ ಬೇಕು ಅಂಥ ಬೆಕ್ಕು? ಇವಳು ದಿನಾ ಆ ಜಾಲರಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಒಂದು ದಿನ ಡಾಕ್ಟರಮ್ಮ ತಾನಾಗಿಯೇ ಹೇಳಿದಳು.

"ಇವು ಮನಿಯೊಳಗ ಇರೂ ಬೆಕ್ಕಲ್ಲವ್ವ. ಹೊರಗ ಇರ್ತಾವ, ಇಲಿ ಕಾಯ್ತಾವ. ಮುಟ್ಟಬ್ಯಾಡ, ಕರೀಬ್ಯಾಡ, ದಿಟ್ಟಿಸಿ ನೋಡಬ್ಯಾಡ. ಹೊತ್ತಿಗೆ ಸರಿಯಾಗಿ ಕೂಳು ಹಾಕು, ನೀರಿಡು, ಮಲಗಾಕ ಒಣ ಜಾಗ ಕೊಡು. ಅಷ್ಟಾದ್ರ ತಮ್ಮ ಕೆಲಸ ತಾವು ಮಾಡ್ತಾವ."

ಮುಟ್ಟಬೇಡ, ಕರೆಯಬೇಡ, ದಿಟ್ಟಿಸಬೇಡ. ಆ ಮಾತು ಕೇಳಿ ಅವಳಿಗೆ ಹೇಗಾಗಿರಬೇಡ ಹೇಳಿ! ತನ್ನ ಬಗ್ಗೆಯೇ ಯಾರೋ ಆಡಿದ ಹಾಗಾಯಿತು.

ಆ ದಿನ ಅವಳು ಏಳು ವರ್ಷದಲ್ಲಿ ಮೊದಲ ಸಲ ಸಾಹುಕಾರನ ಗಾದಿಯ ಮುಂದೆ ಹೋಗಿ ನಿಂತಳು. ನಿಂತಳು, ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸಾಹುಕಾರ ಕಿಟಕಿಯ ಪಕ್ಕ ಮೆತ್ತನೆಯ ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದ. ಇಡೀ ಮಗ್ಗದ ಮನೆಗೆ ಬೆಳಕು ಚೆನ್ನಾಗಿ ಬರುವುದು ಆ ಒಂದು ಕಿಟಕಿಯಿಂದ. ಇದನ್ನು ನೆನಪಿಡಿ.

"ಏನವ್ವ, ದಾರಿ ತಪ್ಪಿ ಬಂದೀ ಏನು?"

"ಎರಡು ಬೆಕ್ಕು ಅದಾವ್ರಿ ಸಾವ್ಕಾರ್ರ. ತರ್ಲೇನ್ರಿ?"

ಸಾಹುಕಾರ ನೆಟ್ಟಗೆ ಕೂತ. "ಏ ಬರ್ರೋ ಇಲ್ಲಿ! ಮೂಕಿ ಮಾತಾಡ್ತು! ಏಳು ವರ್ಷಕ್ಕ ಒಮ್ಮೆ ಬಾಯಿ ತಗದು ಬೆಕ್ಕು ಕೇಳ್ತಾಳ ನೋಡ್ರಿ!"

ನೇಕಾರರೆಲ್ಲ ನಕ್ಕರು. ಅವಳು ಯಾವುದಕ್ಕೆ ಅಂಜುತ್ತಿದ್ದಳೋ ಅದೇ ಆಯಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ. ಸಾಹುಕಾರ ನಕ್ಕು ಸುಸ್ತಾದ ಮೇಲೆ ಹೇಳಿದ, "ತಾರವ್ವ. ನಿನ್ನ ಮಾತಿಗೆ ಇಲ್ಲ ಅಂದ್ರ ಇನ್ನೊಂದು ಮಾತಿಗೆ ಮತ್ತ ಏಳು ವರ್ಷ ಕಾಯಬೇಕು. ಆದ್ರ ದೀಪಾವಳಿ ತನಕ ನೋಡ್ತೀನಿ. ಇಲಿ ಕಡಿಯೂದು ನಿಲ್ಲಲಿಲ್ಲ ಅಂದ್ರ ಎರಡನ್ನೂ ವಾಪಸ್ ಒಯ್ದು ಬಿಡಬೇಕು."

ಬೆಕ್ಕುಗಳು ಬಂದವು. ತಂದು ಅಂಗಳದಲ್ಲಿ ಬಿಟ್ಟರೆ ಆಯಿತೇ? ಓಡಿಹೋಗುತ್ತವೆ. ಈ ಜಾಗದ ವಾಸನೆ ತಮ್ಮದು ಅನ್ನಿಸುವವರೆಗೆ, ಒಂದು ತಿಂಗಳು, ಒಂದು ಕಡೆ ಕೂಡಿಹಾಕಿರಬೇಕು ಅಂತ ಡಾಕ್ಟರಮ್ಮ ಹೇಳಿದ್ದಳು. ಮಗ್ಗದ ಮನೆಯ ಹಿಂದಿನ ಪಡಸಾಲೆಯಲ್ಲಿ ಒಂದು ಹಳೆಯ ಕುಣಿಮಗ್ಗ ಇತ್ತು. ನೇಕಾರ ಕಾಲು ಇಳಿಬಿಟ್ಟು ಕೂರಲು ನೆಲದಲ್ಲಿ ಕುಣಿ ತೋಡಿರುತ್ತಾರಲ್ಲ, ಅದು. ಮರ ಎಲ್ಲ ಹುಳ ತಿಂದು ಹೋಗಿತ್ತು, ಕುಣಿ ಮಾತ್ರ ಉಳಿದಿತ್ತು. ಅವಳು ಅದನ್ನು ಗುಡಿಸಿದಳು, ಒಂದು ಮೂಲೆಗೆ ಮರಳು ಸುರಿದಳು, ಒಂದು ಹಳೆಯ ಡಬ್ಬಿಗೆ ಚಿಂದಿ ಹಾಸಿ ಮಲಗುವ ಜಾಗ ಮಾಡಿದಳು, ಮೇಲೆ ಜಾಲರಿ ಮುಚ್ಚಿದಳು. ದಿನಾ ಬೆಳಿಗ್ಗೆ ಲಾಳಿಯಿಂದ ತಾಟಿಗೆ ಎರಡು ಸಲ ಟಣ್ ಟಣ್ ಬಡಿದು ಕೂಳಿಡುತ್ತಿದ್ದಳು. ಬೆಕ್ಕುಗಳು ಬುಸ್ ಅನ್ನುತ್ತಿದ್ದವು. ಅವಳು ಅವುಗಳಿಗೆ ಬೆನ್ನು ಹಾಕಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವು ಉಂಡವೋ ಇಲ್ಲವೋ ಅಂತ ತಿರುಗಿಯೂ ನೋಡುತ್ತಿರಲಿಲ್ಲ. ಕಿವಿಯಿಂದ ತಿಳಿಯುತ್ತಿತ್ತು.

ಅಲ್ಲಿ ಮುಂದೆ ಕೂತ ನಮ್ಮ ಗುರುಬಾಳವ್ವ ನಗುತ್ತಿದ್ದಾಳೆ. ಸೊಸೆಯನ್ನೂ ಹೀಗೇ ಒಂದು ತಿಂಗಳು ಅವಳ ಪಾಡಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ನೆನಪಾಯಿತೇನವ್ವ?

ತಿಂಗಳಾದ ಮೇಲೆ ಜಾಲರಿ ತೆಗೆದಳು. ಬೆಕ್ಕುಗಳು ಹೊರಗೆ ಹೋದವು, ಸಂಜೆಯವರೆಗೆ ಕಾಣಲಿಲ್ಲ. ಹೋದವೇನೋ ಅಂದುಕೊಂಡು ಅವಳು ಮನೆಗೆ ಹೋಗಿ ಅರ್ಧ ರೊಟ್ಟಿ ಉಂಡು ಎದ್ದಳು. ಮರುದಿನ ಬೆಳಿಗ್ಗೆ ಬಂದು ಟಣ್ ಟಣ್ ಅನ್ನಿಸಿದರೆ, ಛಾವಣಿಯಿಂದ ಒಂದು ಇಳಿಯಿತು, ಹಿತ್ತಲ ಗೋಡೆಯಿಂದ ಒಂದು ಇಳಿಯಿತು!

ಎಂಟು ದಿನದಲ್ಲಿ ಕಡಿತ ಅರ್ಧಕ್ಕೆ ಇಳಿಯಿತು. ಹದಿನೈದು ದಿನದಲ್ಲಿ ಅಲ್ಲೊಂದು ಇಲ್ಲೊಂದು. ಒಂದು ಬೆಳಿಗ್ಗೆ ಅವಳು ಮಗ್ಗದಿಂದ ಮಗ್ಗಕ್ಕೆ ಹೋಗಿ ಹಾಸಿನ ಮೇಲೆ ಅಂಗೈ ಸವರುತ್ತ ಬಂದಳು. ಮೊದಲ ಮಗ್ಗ, ಕಡಿದಿಲ್ಲ. ಎರಡನೆಯದು, ಕಡಿದಿಲ್ಲ. ಹದಿನೆಂಟನೆಯದು, ಕಡಿದಿಲ್ಲ. ಅವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಏಳು ವರ್ಷದಲ್ಲಿ ಮೊದಲ ಸಲ ಬೆಳಗಿನ ಹೊತ್ತಿನಲ್ಲಿ ಅವಳ ಕಣ್ಣಿಗೆ ಕೆಲಸ ಇರಲಿಲ್ಲ. ಹಿಂದಿನ ಬಾಗಿಲಿಂದ ಆಕಾಶ ನೋಡಿದಳು. ಅಲ್ಲಿ ಬೂದಿ ಬೆಕ್ಕು ಬಿಸಿಲಿಗೆ ಬೆನ್ನು ಕೊಟ್ಟು ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿತ್ತು. ಅವಳು ಕೈ ಜೋಡಿಸಿದಳು. ಅದು ತಲೆ ಎತ್ತಿಯೂ ನೋಡಲಿಲ್ಲ. ನೋಡಲಿ ಅಂತ ಅವಳು ಜೋಡಿಸಿರಲೂ ಇಲ್ಲ.

ಈಗ ಸಾಹುಕಾರ ಬರಲಿ. ಎಲ್ಲ ಸುಸೂತ್ರ ನಡೆಯುವಾಗಲೇ ಅಲ್ಲವೇ ನಮ್ಮ ಬುದ್ಧಿ ಕೈ ಹಾಕುವುದು?

ಒಂದು ದಿನ ಹಿಂದಿನ ಪಡಸಾಲೆಯಿಂದ ತಾಟಿನ ಸದ್ದು ಕೇಳಿ ಅವನು ಕೂಗಿದ, "ಏನದು? ಅವಕ್ಕ ಇನ್ನೂ ಕೂಳು ಹಾಕಾಕತ್ತೀಯಾ? ಇಲಿ ಹಿಡಿಯಾಕ ಬಂದಾವ, ಇಲಿ ತಿನ್ಲಿ. ಹೊಟ್ಟಿ ತುಂಬಿದ್ರ ಯಾವನು ಕೆಲಸ ಮಾಡ್ತಾನ? ಹಸೀಲಿ, ಹಸೀಲಿ. ಹಸಿದ್ರ ಓಡಿ ಓಡಿ ಹಿಡೀತಾವ."

ಈ ಮಾತು ಎಲ್ಲೋ ಕೇಳಿದ್ದೇವೆ ಅನ್ನಿಸುತ್ತದೆಯೇ? ಎಲ್ಲೋ ಏಕೆ, ನಮ್ಮ ಮನೆಯಲ್ಲೇ ಆಡಿದ್ದೇವೆ. ಆದರೆ ನೋಡಿ, ಹಸಿದ ಬೆಕ್ಕು ಕೂಳು ಇರುವ ಮನೆ ಹುಡುಕಿಕೊಂಡು ಹೋಗುತ್ತದೆ. ಹೊಟ್ಟೆ ತುಂಬಿದ ಬೆಕ್ಕು ಇದ್ದಲ್ಲೇ ಇರುತ್ತದೆ, ಇಲಿಯನ್ನು ತನ್ನ ಹಟಕ್ಕೆ ಹಿಡಿಯುತ್ತದೆ. ಡಾಕ್ಟರಮ್ಮ ಇದನ್ನು ಹೇಳಿಯೇ ಕಳಿಸಿದ್ದಳು. ಎಳೆ ಕೂಡಿಸುವವಳು ಸಾಹುಕಾರನಿಗೆ ಎದುರಾಡಲಿಲ್ಲ. ಮರುದಿನದಿಂದ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು, ಮನೆಯಿಂದ ತಂದ ಒಂದು ಗುಟುಕು ಹಾಲಲ್ಲಿ ನೆನೆಸಿ, ತಾಟು ಬಡಿಯದೆ ಕುಣಿಯ ಅಂಚಿನಲ್ಲಿ ಇಟ್ಟಳು. ಅವು ಬಂದವು. ಸದ್ದಿಲ್ಲದೆ ಇಟ್ಟದ್ದನ್ನು ಸದ್ದಿಲ್ಲದೆ ತಿಂದವು.

ಅಲ್ಲಿಗೆ ಮುಗಿಯಿತೇ? ಇಲ್ಲ. ಸಾಹುಕಾರನಿಗೆ ಇನ್ನೊಂದು ರೋಗ ಇತ್ತು. ಶಕುನದ ರೋಗ. ಸೀರೆಯ ಗಂಟು ಬಗಲಿಗೆ ಹಾಕಿಕೊಂಡು ಸಂತೆಗೆ ಹೊರಟರೆ ಬೆಕ್ಕು ಅಡ್ಡ ಬರಬಾರದು. ಬಂದರೆ ಒಳಗೆ ಬಂದು, ಕೂತು, ನೀರು ಕುಡಿದು, ಆಮೇಲೆ ಹೊರಡಬೇಕು. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ ಮಾಡುತ್ತಿದ್ದ. ಆದರೆ ಅಪ್ಪ, ಅಜ್ಜ ಯಾರೂ ಅಂಗಳದಲ್ಲೇ ಎರಡು ಬೆಕ್ಕು ಕೆಲಸಕ್ಕೆ ಇಟ್ಟುಕೊಂಡಿರಲಿಲ್ಲವಲ್ಲ!

ಒಂದು ಸೋಮವಾರ, ಸಂತೆಯ ದಿನ, ಸಾಹುಕಾರ ಹೊರಟ. ಬೂದಿ ಬೆಕ್ಕು ಎಡದಿಂದ ಬಲಕ್ಕೆ ಹೋಯಿತು. ಒಳಗೆ ಬಂದ, ಕೂತ, ನೀರು ಕುಡಿದ. ಮತ್ತೆ ಹೊರಟ. ಮಚ್ಚೆ ಬೆಕ್ಕು ಬಲದಿಂದ ಎಡಕ್ಕೆ ಬಂತು. ಮತ್ತೆ ಕೂತ, ಮತ್ತೆ ನೀರು. ಮೂರನೆಯ ಸಲ ಬಾಗಿಲಿಂದ ಕತ್ತು ಮಾತ್ರ ಹೊರಗೆ ಹಾಕಿ ನೋಡಿದರೆ ಎರಡೂ ಅಂಗಳದ ನಟ್ಟನಡುವೆ ಕೂತು ಇವನನ್ನೇ ನೋಡುತ್ತಿವೆ. ಯಾವ ಕಡೆ ಹೋಗಬೇಕು ಅಂತ ಅವೂ ನಿರ್ಧಾರ ಮಾಡಿರಲಿಲ್ಲ ಅಂತ ಕಾಣುತ್ತದೆ. ಹೊಟ್ಟೆ ತುಂಬ ನೀರು ತುಂಬಿಕೊಂಡು ಸಾಹುಕಾರ ಮನೆಯಲ್ಲೇ ಉಳಿದ. ಬಸ್ಸು ಹೋಯಿತು.

"ಏ ಮುದುಕಾ," ಅಂತ ಅವನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು, "ನೀ ಸಂತೀಗಿ ಹೋಗೂದು ಆ ಬೆಕ್ಕಿಗೇನು ಗೊತ್ತೈತಿ? ಅದರ ದಾರಿ ಅದು ಹೋಗತೈತಿ, ನಿನ್ನ ದಾರಿ ನೀ ಹೋಗು!"

ಕೇಳುವವನೇ ಅವನು? ಅವನು ಒಂದು ಉಪಾಯ ಹೂಡಿದ. ಮೇಲಟ್ಟದಲ್ಲಿ ಹಳೆಯ ಎತ್ತಿನ ಕೊರಳಪಟ್ಟಿ ಇತ್ತು, ಅದರಿಂದ ಎರಡು ಗೆಜ್ಜೆ ಬಿಚ್ಚಿದ. ಇಬ್ಬರು ನೇಕಾರರು ಗೋಣಿಚೀಲ ಹಿಡಿದು ಇಡೀ ಮಧ್ಯಾಹ್ನ ಓಡಾಡಿದರು. ಮೈಯೆಲ್ಲ ಪರಚಿಸಿಕೊಂಡರು. ಕೊನೆಗೆ ಎರಡು ಬೆಕ್ಕಿನ ಕೊರಳಿಗೂ ಗೆಜ್ಜೆ ಬಿತ್ತು. ಸಾಹುಕಾರ ಮೀಸೆ ತಿರುವಿದ. "ಈಗ ಬರ್ಲಿ ನೋಡೂಣು. ಘಲ್ ಅಂದ್ರ ನಾ ಬಾಗಲದಾಗ ನಿಲ್ತೀನಿ, ಸದ್ದು ಆ ಕಡಿ ಹೋತಂದ್ರ ಈ ಕಡಿ ಹೊರಡ್ತೀನಿ!"

ಬುದ್ಧಿವಂತ ಅಲ್ಲವೇ? ಬಹಳ ಬುದ್ಧಿವಂತ. ಗೆಜ್ಜೆಯ ಸದ್ದು ಅವನಿಗೆ ಕೇಳಿತು. ಇಲಿಗಳಿಗೂ ಕೇಳಿತು.

ಮರುದಿನ ಬೆಳಿಗ್ಗೆ ಅವಳು ಹಾಸಿನ ಮೇಲೆ ಅಂಗೈ ಸವರಿದರೆ ಅಂಗೈ ಕೆಳಗೆ ಕುಸಿಯಿತು. ಆರು ಮಗ್ಗಗಳಲ್ಲಿ ಕಡಿತ. ಮೂರನೆಯ ದಿನ ಹನ್ನೊಂದು. ಇಷ್ಟು ದಿನ ಅರೆಹೊಟ್ಟೆ ಇದ್ದ ಇಲಿಗಳು ಹಬ್ಬ ಮಾಡಿದವು. ಅವಳು ಮೂಗು ತಾಗುವಷ್ಟು ಬಗ್ಗಿ ಕೂಡಿಸಿದಳು, ಕೂಡಿಸಿದಳು, ಕಣ್ಣು ಒರೆಸಿಕೊಂಡು ಮತ್ತೆ ಕೂಡಿಸಿದಳು. ಐದನೆಯ ದಿನ ಏಳನೆಯ ಮಗ್ಗದಲ್ಲಿ ಕೆಂಪು ಎಳೆಗೆ ಕಪ್ಪು ಎಳೆ ಕೂಡಿಸಿಬಿಟ್ಟಳು. ಹತ್ತೆಂಟು ಎಳೆ. ನೇಕಾರನೂ ನೋಡಲಿಲ್ಲ. ಸೀರೆ ಇಳಿದ ಮೇಲೆ ಸಾಹುಕಾರ ಬಿಚ್ಚಿ ಹರವಿದರೆ, ಕೆಂಪು ಒಡಲಿನ ಉದ್ದಕ್ಕೂ ಕಪ್ಪು ಗೀರು.

"ಏನಾಗೇತಿ ನಿನಗ?" ಅವನು ಸೀರೆಯನ್ನು ಅವಳ ಮುಂದೆ ಹಿಡಿದ. "ಏಳು ವರ್ಷ ಒಂದು ಎಳಿ ತಪ್ಪಿಲ್ಲ. ಬೆಕ್ಕು ಬಂದ ಮ್ಯಾಲ ಮೈಗಳ್ಳಿ ಆದೀ. ಬೆಕ್ಕೂ ಬ್ಯಾಡ, ನಿನ್ನ ಮಾತೂ ಬ್ಯಾಡ. ಬರೂ ಸೋಮವಾರ ಎರಡನ್ನೂ ವಾಪಸ್ ಒಯ್ದು ಬಿಡು. ಇನ್ನೊಮ್ಮೆ ಹಿಂಗ ಎಳಿ ತಪ್ಪಿತಂದ್ರ ನೀನೂ ಅವುಗಳ ಹಿಂದ ನಡಿ."

ಅವಳು ಏನಾದರೂ ಅಂದಳೇ? ಕಣ್ಣು ಕಾಣುವುದಿಲ್ಲ ಅಂದಳೇ? ಗೆಜ್ಜೆ ಕಟ್ಟಿದವನು ನೀನು ಅಂದಳೇ? ಹಿಂದಿನ ಪಡಸಾಲೆಗೆ ಹೋಗಿ, ಕುಣಿಯ ಅಂಚಿನಲ್ಲಿ ಅರ್ಧ ರೊಟ್ಟಿ ಇಟ್ಟು, ಎಂದಿನಂತೆ ಬೆನ್ನು ಹಾಕಿ ಕೂತಳು. ಸೋಮವಾರಕ್ಕೆ ನಾಲ್ಕು ದಿನ.

ಹಿಂದಿನಿಂದ ಘಲ್ ಅಂತ ಸದ್ದು ಬಂತು. ತಿನ್ನುವ ಸದ್ದು ಬಂತು. ಆಮೇಲೆ ಬೆನ್ನಿಗೆ ಏನೋ ಬೆಚ್ಚಗೆ ತಾಗಿತು. ಬೂದಿ ಬೆಕ್ಕು ಅವಳ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಿತ್ತು. ಅವಳು ಕೈಯಲ್ಲಿದ್ದ ಕಂಡಿಕೆ ನೆಲಕ್ಕಿಟ್ಟಳು. ನಿಧಾನಕ್ಕೆ ಸೊಂಟದ ಚೀಲದಿಂದ ಎಳೆ ಕತ್ತರಿಸುವ ಸಣ್ಣ ಕತ್ತರಿ ತೆಗೆದಳು. ತಿರುಗಿ ನೋಡದೆ ಕೈ ಹಿಂದಕ್ಕೆ ಒಯ್ದು, ಬೆರಳಿನಿಂದ ದಾರ ಹುಡುಕಿದಳು. ಕಣ್ಣಿನ ಕೆಲಸವಲ್ಲ ಅದು, ಬೆರಳಿನದು. ಕಟ್ ಅಂತು. ಗೆಜ್ಜೆ ನೆಲಕ್ಕೆ ಬಿತ್ತು. ಬೆಕ್ಕು ಹಾರಿ ಓಡಿತು. ಮಡಿಲಿಗೆ ಬರಲಿಲ್ಲ, ಕಾಲು ಸವರಲಿಲ್ಲ, ಒಂದು ದಾರ ಕತ್ತರಿಸುವಷ್ಟು ಹೊತ್ತು ಮಾತ್ರ ಅವಳನ್ನು ನಂಬಿತು. ಎರಡು ದಿನ ಬಿಟ್ಟು ಮಚ್ಚೆ ಬೆಕ್ಕೂ ಅಷ್ಟೇ ಹೊತ್ತು ನಂಬಿತು. ಅವಳಿಗೆ ಅಷ್ಟು ಸಾಕಾಯಿತು.

ಮೊದಲ ಗೆಜ್ಜೆ ಬಿದ್ದ ಮರುದಿನದಿಂದ ದಿನಾ ಬೆಳಿಗ್ಗೆ ಅವಳು ಕೂಳು ಇಡುವಾಗ ತಾಟಿನ ಬದಲು ಬಿದ್ದ ಗೆಜ್ಜೆ ಅಲ್ಲಾಡಿಸಿದಳು. ಸದ್ದು ಬೇರೆಯಾದರೂ ಹೊತ್ತು ಅದೇ, ಜಾಗ ಅದೇ. ಬೆಕ್ಕುಗಳು ಬಂದವು.

ಸೋಮವಾರ ಬಂತು. ಸಾಹುಕಾರ ಸೀರೆಯ ಗಂಟು ಕಟ್ಟುತ್ತಿದ್ದ. ಅವಳು ಎರಡನೆಯ ಸಲ ಅವನ ಮುಂದೆ ಹೋಗಿ ನಿಂತಳು. ಅಂಗೈ ಬಿಚ್ಚಿದಳು. ಎರಡು ಗೆಜ್ಜೆ.

"ಇವು ನಿಮ್ಮ ಕೈಯಾಗ ಇರ್ಲಿ ಸಾವ್ಕಾರ್ರ."

"ಬಿಚ್ಚಿದಿಯಾ? ಯಾರು ಹೇಳಿದ್ರು ನಿನಗ?"

"ನೀವು ಹೊರಡೂ ಮುಂದ ಕುಣಿ ಹತ್ರ ಬಂದು ಬಾರಸ್ರಿ. ಒಂದು ಹಿಡಿ ಕೂಳು ಹಾಕ್ರಿ. ಎರಡೂ ಅಲ್ಲೇ ಉಣ್ಣಕೋತ ಇರ್ತಾವ. ನಿಮಗ ಅಡ್ಡ ಬರಂಗಿಲ್ರಿ."

ಇಷ್ಟು ಉದ್ದದ ಮಾತು ಅವಳು ಜನ್ಮದಲ್ಲಿ ಆಡಿರಲಿಲ್ಲ. ಸಾಹುಕಾರ ಗೆಜ್ಜೆ ನೋಡಿದ, ಅವಳನ್ನು ನೋಡಿದ. ಬೈಯಲು ಬಾಯಿ ತೆಗೆದ. ಅಷ್ಟರಲ್ಲಿ ಹೊರಗೆ ಅಂಗಳದಲ್ಲಿ ಮಚ್ಚೆ ಬೆಕ್ಕು ಕಂಡಿತು, ಬಾಯಿ ಮುಚ್ಚಿದ. ಬಸ್ಸಿಗೆ ಹೊತ್ತಾಗಿತ್ತು.

ಅವನು ಹಿಂದಿನ ಪಡಸಾಲೆಗೆ ಬಂದ. ಗೆಜ್ಜೆ ಅಲ್ಲಾಡಿಸಿದ. ಅವಳು ತೋರಿಸಿದ ಹಾಗೆ ಮುಖ ಆಚೆ ತಿರುಗಿಸಿ ಒಂದು ಹಿಡಿ ರೊಟ್ಟಿಯ ಚೂರು ಹಾಕಿದ. ಒಂದು ಛಾವಣಿಯಿಂದ ಇಳಿಯಿತು, ಒಂದು ಗೋಡೆಯಿಂದ ಇಳಿಯಿತು. ಸಾಹುಕಾರ ಪಂಚೆ ಎತ್ತಿಕೊಂಡು ಓಡಿದ. ಅಂಗಳ ಖಾಲಿ! ಆ ದಿನ ಒಂದು ಗುಟುಕೂ ನೀರು ಕುಡಿಯದೆ ಸಂತೆಗೆ ಹೋದ.

ಆಮೇಲೆ ಬೆಕ್ಕು ವಾಪಸ್ ಒಯ್ಯುವ ಮಾತು ಯಾರೂ ಆಡಲಿಲ್ಲ. ಗೆಜ್ಜೆ ಬಿಟ್ಟ ಬೆಕ್ಕುಗಳು ವಾರದಲ್ಲಿ ಇಲಿಗಳ ಹಬ್ಬ ಮುಗಿಸಿದವು. ಸಾಹುಕಾರ ದಿನಕ್ಕೊಂದು ಸಲ ಎಲ್ಲಿಗಾದರೂ ಹೊರಡುವವನೇ. ಹೀಗಾಗಿ ದಿನಕ್ಕೊಂದು ಸಲ ಕುಣಿಯ ಹತ್ತಿರ ಬರಲೇಬೇಕು, ಗೆಜ್ಜೆ ಬಾರಿಸಲೇಬೇಕು, ಕೂಳು ಹಾಕಲೇಬೇಕು. ಹಸಿಯಲಿ ಅಂದವನು ಯಾರು? ಇವನೇ. ಈಗ ಕೈಯಾರೆ ಉಣಿಸುವವನು ಯಾರು? ಇವನೇ!

ಶಕುನ ಬಿಟ್ಟನೇ ಅಂತ ಕೇಳಬೇಡಿ. ಬಿಡಲಿಲ್ಲ. ಅದನ್ನು ಬಿಡಿಸುವುದು ನನ್ನ ಕೈಲೂ ಆಗದ ಕೆಲಸ, ನಿಮ್ಮನ್ನೇ ನೋಡುತ್ತಿದ್ದೇನಲ್ಲ.

ಆದರೆ ಒಂದು ಬೆಳಿಗ್ಗೆ ಏನಾಯಿತು ಕೇಳಿ. ಹಿಂದಿನ ಪಡಸಾಲೆಯಿಂದ ನೋಡಿದರೆ ಮಗ್ಗದ ಮನೆಯ ಆ ಕತ್ತಲೆ ಮೂಲೆ ನೇರ ಕಾಣುತ್ತದೆ. ಗೆಜ್ಜೆ ಕೈಗೆ ಬರುವವರೆಗೆ ಸಾಹುಕಾರ ಆ ಕಡೆ ಬಂದವನೇ ಅಲ್ಲ, ಅವನ ಜಾಗ ಮುಂದಿನ ಕಿಟಕಿ; ಬಂದ ಮೇಲೂ ಕೂಳು ಹಾಕಿದವನೇ ಹೊರಗೆ ಓಡುತ್ತಿದ್ದ. ಆ ದಿನ ಕೂಳು ಹಾಕಿ ಮುಖ ತಿರುಗಿಸಿದ. ಅವನು ಬಂದದ್ದು ಬೆಕ್ಕಿಗಾಗಿ. ಕಂಡದ್ದು ಅವಳು. ಹೊಸ ಹಾಸಿನಲ್ಲಿ ಹರಿದ ಎಳೆಯೊಂದನ್ನು ಹುಡುಕುತ್ತ ಬಗ್ಗಿ, ಮೂಗು ಎಳೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಉಜ್ಜಿಕೊಳ್ಳುತ್ತ ಕೂತವಳು.

"ಏನವ್ವ, ಎಳಿ ಮೂಸಾಕತ್ತೀ ಏನು?" ಅಂತ ನಗಲು ಹೋದ. ನಗು ಅರ್ಧಕ್ಕೇ ನಿಂತಿತು. ಕೆಂಪು ಸೀರೆಯ ಕಪ್ಪು ಗೀರು ನೆನಪಾಯಿತು.

"ಯಾವಾಗಿಂದ?" ಅಂದ.

"ಮೂರು ವರ್ಷ ಆತ್ರಿ."

"ಹೇಳಾಕೇನಾಗಿತ್ತು?"

ಅವಳು ಬೂದಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಹೇಳಲು ಏನಾಗಿತ್ತು ಅನ್ನುವುದು ಅವನಿಗೂ ಗೊತ್ತಿತ್ತು. ಕುಣಿಯಲ್ಲಿ ಬೆಕ್ಕುಗಳು ತಾಟು ನೆಕ್ಕುತ್ತಿದ್ದವು. ಸಾಹುಕಾರ ದನಿ ಇಳಿಸಿ, "ಏನು ಬೇಕವ್ವ ನಿನಗ?" ಅಂದ.

"ಕಿಟಕಿ ಹತ್ರ ಕೂಡಸ್ರಿ," ಅಂದಳು. "ಬೆಳಕು ಬೇಕ್ರಿ."

ಅವನು ಮುಂದಿನ ಕಿಟಕಿಯ ಕಡೆ ಒಮ್ಮೆ ನೋಡಿದ. ಗೆಜ್ಜೆ ಗೂಟಕ್ಕೆ ತೂಗುಹಾಕಿ ಹೋದ. ಅವಳು ತಪ್ಪು ಮಾತಾಡಿದೆನೇನೋ ಅಂದುಕೊಂಡು ದಿನವಿಡೀ ತಲೆ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕಿಟಕಿಯ ಪಕ್ಕ ಗಾದಿ ಇರಲಿಲ್ಲ. ಅಲ್ಲಿ ಅವಳ ಚಾಪೆ ಹಾಸಿತ್ತು, ಪಕ್ಕದಲ್ಲಿ ಅವಳ ಬೂದಿಯ ಬಟ್ಟಲು. ಗಾದಿ ಹಿಂದಿನ ಪಡಸಾಲೆಗೆ, ಕುಣಿಯ ಪಕ್ಕಕ್ಕೆ ಹೋಗಿತ್ತು. ಸಾಹುಕಾರ ಅದರ ಮೇಲೆ ಕೂತು ಮಚ್ಚೆ ಬೆಕ್ಕಿಗೆ ಕೈ ಚಾಚಿದ. ಅದು ಬುಸ್ ಅಂತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಹೇಳಿದ, "ಆಯ್ತು ಬಿಡವ್ವ, ಮುಟ್ಟಂಗಿಲ್ಲ. ನಿನ್ನ ಕೆಲಸ ನೀ ಮಾಡು, ನನ್ನ ಕೆಲಸ ನಾ ಮಾಡ್ತೀನಿ."

ಕಿಟಕಿಯ ಬೆಳಕಲ್ಲಿ ಅವಳು ಎಳೆಯನ್ನು ಮುಖದಿಂದ ಒಂದು ಗೇಣು ದೂರ ಹಿಡಿದು ನೋಡಿದಳು. ಕಂಡಿತು.

ತಾಯಂದಿರೇ, ಅಣ್ಣಗಳೇ, ಕಥೆ ಇಷ್ಟೇ. ಈಗ ನಮ್ಮ ಮನೆಗೆ ಬರೋಣ.

ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಯಾರಿದ್ದಾರೆ? ನಾವು ಏಳುವ ಮೊದಲೇ ಎದ್ದು ಕಡಿದದ್ದನ್ನು ಕೂಡಿಸಿ, ನಾವು ಏಳುವಷ್ಟರಲ್ಲಿ ಏನೂ ಕಡಿದೇ ಇರಲಿಲ್ಲ ಅನ್ನುವ ಹಾಗೆ ಮಾಡಿ ಹೋಗುವವರು ಯಾರು? ಓಣಿ ಗುಡಿಸುವವಳಿದ್ದಾಳೆ. ನೀರು ಬಿಡುವವನಿದ್ದಾನೆ. ಕೆಲವು ಮನೆಗಳಲ್ಲಿ ಅವಳಿಗೆ ಅತ್ತಿಗೆ ಅಂತಲೋ ದೊಡ್ಡಮ್ಮ ಅಂತಲೋ ಹೆಸರಿದೆ. ಅವರು ನಮ್ಮ ಹತ್ತಿರ ಬಂದು ನಗಬೇಕು, ಕಾಲು ಸವರಬೇಕು, ಮಡಿಲಿಗೆ ಬೀಳಬೇಕು, ಆಗ ನಮಗೆ ಪ್ರೀತಿ ಹುಟ್ಟುತ್ತದೆ. ಬುಸ್ ಅಂದರೋ, ಸುಮ್ಮನಿದ್ದರೋ, ಕಂಬದ ಹಿಂದೆ ಕೂತರೋ, ನಮಗೆ ಅವರು ಕಾಣುವುದೇ ಇಲ್ಲ. ಉಪಕಾರ ಮಾತ್ರ ಬೇಕು. ಅದೂ ಗೆಜ್ಜೆ ಕಟ್ಟಿಕೊಂಡು, ನಮ್ಮ ದಾರಿಗೆ ಅಡ್ಡ ಬರದೆ ಮಾಡಬೇಕು.

ಉಪಕಾರ ನೆನೆಯುವುದು ಅಂದರೆ ಕೈ ಮುಗಿಯುವುದಷ್ಟೇ ಅಲ್ಲ. ಕೈ ಮುಗಿಯಿರಿ, ಒಳ್ಳೆಯದೇ, ಅವಳೂ ಮುಗಿದಳು. ಆದರೆ ಅವಳು ಅದರ ಜೊತೆಗೆ ದಿನಾ ಅರ್ಧ ರೊಟ್ಟಿ ಇಟ್ಟಳು. ಹೊತ್ತಿಗೆ ಸರಿಯಾಗಿ ಇಟ್ಟಳು. ತಿರುಗಿ ನೋಡದೆ ಇಟ್ಟಳು. ನಾಳೆಯಿಂದ ನೀವೂ ಅಷ್ಟು ಮಾಡಿ. ನಿಮ್ಮ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವವರು ಯಾರೋ, ಅವರ ತಾಟು ನಾಳೆ ಮೊದಲು ಬಡಿಸಿ. ಮೂಲೆಯಲ್ಲಿ ಕೆಲಸ ಮಾಡುವವರಿಗೆ ಕಿಟಕಿ ಬಿಟ್ಟುಕೊಡಿ. ಅವರು ಮಾತಾಡಿಸಲಿ ಅಂತ ಕಾಯಬೇಡಿ. ಧನ್ಯವಾದ ಹೇಳಿಸಿಕೊಳ್ಳಲು ನಿಲ್ಲಬೇಡಿ. ಇಟ್ಟು, ಮುಖ ತಿರುಗಿಸಿ, ನಿಮ್ಮ ಕೆಲಸಕ್ಕೆ ಹೋಗಿ.

ಇನ್ನೊಂದು ಮಾತು, ಆಮೇಲೆ ಪ್ರಸಾದಕ್ಕೆ ಏಳಿರಂತೆ.

ನೀವು ಈ ತಿಂಗಳೆಲ್ಲ ಇಲ್ಲಿ ಉಂಡ ಅಕ್ಕಿ, ಬೇಳೆ ನಮ್ಮ ಮಠದ ಉಗ್ರಾಣದ್ದು. ಹೋದ ವರ್ಷ ಅರ್ಧ ಚೀಲಗಳಿಗೆ ಇಲಿ ಬಿದ್ದಿತ್ತು, ಉಗ್ರಾಣ ನೋಡಿಕೊಳ್ಳುವ ಚಂದ್ರಾಮಣ್ಣನಿಗೆ ಗೊತ್ತು, ಆರಿಸಿ ಆರಿಸಿ ಅವನ ಬೆನ್ನು ಹೋಗಿತ್ತು. ಈ ವರ್ಷ ಒಂದು ಕಾಳೂ ಹಾಳಾಗಿಲ್ಲ. ಯಾಕೆ ಅಂತ ನೀವು ಯಾರೂ ಕೇಳಲಿಲ್ಲ. ಉಗ್ರಾಣದ ಹಿಂದೆ ಕಟ್ಟಿಗೆ ಇಡುವ ಮಾಡಿನಲ್ಲಿ ಎರಡು ಬೆಕ್ಕುಗಳಿವೆ. ಇವೂ ಯಾರಿಗೂ ಬೇಡವಾದವುಗಳೇ. ಎರಡಕ್ಕೂ ಎಡಗಿವಿಯ ತುದಿ ಸ್ವಲ್ಪ ಕತ್ತರಿಸಿದೆ. ಅದು ಊನ ಅಲ್ಲ, ಇವಕ್ಕೆ ಇನ್ನು ಮರಿ ಆಗುವುದಿಲ್ಲ ಅಂತ ದವಾಖಾನೆಯವರು ಮಾಡುವ ಗುರುತು. ಹತ್ತಿರ ಹೋದರೆ ಓಡುತ್ತವೆ. ದಿನಾ ಬೆಳಿಗ್ಗೆ ಆರಕ್ಕೆ ನಾನು ಕೂಳು ಇಡುತ್ತಿದ್ದೆ. ನಾಳಿದ್ದು ನಾನು ಮುಂದಿನ ಊರಿಗೆ ಹೊರಡಬೇಕು, ತಿಂಗಳು ಬರುವುದಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲು ನೀರು, ಬೆಳಿಗ್ಗೆ ಆರಕ್ಕೆ. ಮುಟ್ಟುವುದು ಬೇಡ, ಕರೆಯುವುದು ಬೇಡ. ಒಬ್ಬರು ಬಂದರೆ ಸಾಕು.

ಯಾರು ಬರುತ್ತೀರಿ?

ಫ್ಯಾನಿನ ಸದ್ದು ಮಾತ್ರ ಕೇಳುತ್ತಿದೆ. ಹಿಂದೆ ಕೂತವರಿಗೂ ಕೇಳಲಿ ಅಂತ ಇನ್ನೊಮ್ಮೆ ಕೇಳುತ್ತೇನೆ.

ಬೆಳಿಗ್ಗೆ ಆರಕ್ಕೆ, ಯಾರು ಬರುತ್ತೀರಿ?